ಕುಂಬಳೆಯ ಮಕ್ಕಳು ಈಜಿಸಿದ ಮೊಸಳೆ

ಕಾಸರಗೋಡು ಎಂದೊಡನೆ ನಿಮಗೆ ಬೇಕಲದ ಕೋಟೆ ನೆನಪಾಗಬಹುದು. ಮಂಜೇಶ್ವರ ಎಂದರೆ ಗೋವಿಂದ ಪೈಗಳ ಮನೆ. ಆದರೆ ಈ ಸಲ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಶಾಲೆಯ ಕಂಪ್ಯೂಟರ್ ಕೋಣೆ! “ಪ್ರವಾಸ ಹೋಗಿ ಯಾರಾದ್ರೂ ಶಾಲೆ ನೋಡ್ತಾರೇನ್ರೀ?” ಎಂದು ನಗಬೇಡಿ. ಸ್ವಲ್ಪ ಕೇಳಿ.

ದಸರಾ ರಜೆಗೆ ಎಂಟನೆಯ ತರಗತಿಯ ಮಗಳನ್ನು ಕರೆದುಕೊಂಡು ಕುಂಬಳೆಯ ನಾದಿನಿಯ ಮನೆಗೆ ಹೊರಟೆ. ಮಂಗಳೂರಿನಲ್ಲಿ ರೈಲು ಹತ್ತಿದರೆ ನೇತ್ರಾವತಿಯ ಸೇತುವೆ, ಉಳ್ಳಾಲ, ಮಂಜೇಶ್ವರ, ಉಪ್ಪಳ, ಆಮೇಲೆ ಕುಂಬಳೆ. ಬಲಗಡೆ ಆಗಾಗ ಇಣುಕುವ ಕಡಲು, ಎಡಗಡೆ ತೆಂಗು, ಕಂಗು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಸೀಮೆಯಾದರೂ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬಂತು. ಯಕ್ಷಗಾನದ ಪಾರ್ತಿಸುಬ್ಬನ ಊರಲ್ಲವೇ!

ಮರುದಿನ ಬೆಳಿಗ್ಗೆ ನೀರುದೋಸೆ, ಕಾಯಿ-ಬೆಲ್ಲ ತಿಂದು ಅನಂತಪುರಕ್ಕೆ ಹೋದೆವು. ಬದಿಯಡ್ಕದ ಹಾದಿಯಲ್ಲಿ ಐದಾರು ಕಿಲೋಮೀಟರು. ಸುತ್ತಲೂ ಕೆಂಪು ಮುರಕಲ್ಲಿನ ಬಯಲು. ನಡುವೆ ತಗ್ಗಿನಲ್ಲಿ ಹಸುರು ನೀರಿನ ಕೆರೆ. ಕೆರೆಯ ಮಧ್ಯದಲ್ಲಿ ಅನಂತಪದ್ಮನಾಭನ ಗುಡಿ. ತಿರುವನಂತಪುರದ ಪದ್ಮನಾಭಸ್ವಾಮಿಗೆ ಇದೇ ಮೂಲಸ್ಥಾನವೆಂಬ ನಂಬಿಕೆ. ಈ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ ಬಹುಕಾಲ ಇತ್ತು. ಅರ್ಚಕರು ಕೊಟ್ಟ ನೈವೇದ್ಯದ ಅನ್ನವನ್ನು ತಿನ್ನುತ್ತಿತ್ತಂತೆ. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಊರಿಗೆ ಊರೇ ಬಂದು ನೋಡಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಾವು ಅರ್ಧ ತಾಸು ಮೆಟ್ಟಿಲ ಮೇಲೆ ಕೂತರೂ ನಮಗೆ ಮಾತ್ರ ದರ್ಶನವಾಗಲಿಲ್ಲ!

ಮಗಳ ಮುಖ ಬಾಡಿದ್ದನ್ನು ಕಂಡು ನಾದಿನಿ ಎಂದಳು, “ನಾಳೆ ನಮ್ಮ ಶಾಲೆಗೆ ಬಾ. ಮೊಸಳೆ ಅಲ್ಲಿ ಉಂಟು.”

ನಾದಿನಿ ಅಲ್ಲಿ ಕನ್ನಡ ಮಾಧ್ಯಮದ ಟೀಚರು. ನಮ್ಮ ಹಾಗೆ ಅವರಿಗೆ ದೀರ್ಘ ದಸರಾ ರಜೆ ಇಲ್ಲ. ಮರುದಿನ ಶನಿವಾರ, ಶಾಲೆಯಲ್ಲಿ ‘ಲಿಟಲ್ ಕೈಟ್ಸ್’ ಮಕ್ಕಳ ಶಿಬಿರ. ಕೇರಳ ಸರ್ಕಾರದ ‘ಕೈಟ್’ ಸಂಸ್ಥೆ 2018ರಲ್ಲಿ ಶುರುಮಾಡಿದ ಈ ಕೂಟ ಎರಡು ಸಾವಿರಕ್ಕೂ ಹೆಚ್ಚು ಹೈಸ್ಕೂಲುಗಳಲ್ಲಿದೆ. ಅದರಲ್ಲಿ ಮಕ್ಕಳು ಕಲಿಯುವ ವಿದ್ಯೆಗಳಲ್ಲಿ ಒಂದು ಆನಿಮೇಶನ್, ಅಂದರೆ ಚಿತ್ರಕ್ಕೆ ಚಲನೆ ಕೊಡುವುದು. ಬಳಸುವ ಸಾಧನಗಳು ದುಡ್ಡು ಕೊಡದೆ ಸಿಗುವ ಮುಕ್ತ ತಂತ್ರಾಂಶಗಳು. ನಾನು ಕಂಡದ್ದರ ಹೆಸರು ಟುಪಿಟ್ಯೂಬ್.

ನಿಜ ಹೇಳುತ್ತೇನೆ, ಕಂಪ್ಯೂಟರ್ ಎಂದರೆ ನನಗೆ ಅಷ್ಟಕ್ಕಷ್ಟೆ. ಮಕ್ಕಳು ಕಣ್ಣು ಹಾಳುಮಾಡಿಕೊಳ್ಳುವ ಯಂತ್ರವೆಂದೇ ನನ್ನ ತಿಳಿವಳಿಕೆ. ಆದರೆ ಅಲ್ಲಿ ಒಂದೊಂದು ಪರದೆಯ ಮುಂದೆ ಮೂರು ಮೂರು ಮಕ್ಕಳು ತಲೆಗೆ ತಲೆ ತಾಗಿಸಿ ವಾದಿಸುತ್ತಿದ್ದರು. ಬಬಿಯಾನ ಕಥೆಯನ್ನು ನಲವತ್ತು ಸೆಕೆಂಡಿನ ಚಿತ್ರ ಮಾಡುವುದು ಅವರ ಕೆಲಸ.

ನಾದಿನಿ ವಿವರಿಸಿದಳು: “ನೋಡಿ ಅತ್ತಿಗೇ, ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡ್ತದೆ. ಮಕ್ಕಳಿಗೆ 8 ಸಾಕು. ಆದ್ರೂ ನಲವತ್ತು ಸೆಕೆಂಡಿಗೆ 320 ಆಯ್ತಲ್ಲ! ಕೆರೆ, ಗುಡಿ ಒಂದೇ ಸಲ ಬಿಡಿಸಿ ಹಿಂದೆ ಇಡುದು. ಮೊಸಳೆ ಸುಮ್ಮನೆ ತೇಲುವಾಗ ದಾರಿ ತೋರಿಸಿದ್ರೆ ಕಂಪ್ಯೂಟರೇ ದೂಡಿಕೊಂಡು ಹೋಗ್ತದೆ. ಬಾಯಿ ತೆರೆಯುದು, ಬಾಲ ಆಡಿಸುದು ಮಾತ್ರ ಕೈಯಲ್ಲೇ ಬಿಡಿಸ್ಬೇಕು.”

ಹಿಂದಿನ ಚಿತ್ರ ಮಸುಕಾಗಿ ಕಾಣುತ್ತಿರುತ್ತದೆ. ಅದರ ಮೇಲೆ ಕೂದಲೆಳೆಯಷ್ಟು ಸರಿಸಿ ಮುಂದಿನದನ್ನು ಬಿಡಿಸಬೇಕು. ಈ ಉಪಾಯಕ್ಕೆ ‘ಈರುಳ್ಳಿ ಸಿಪ್ಪೆ’ ಎಂದೇ ಹೆಸರು! ಪದರದೊಳಗಿಂದ ಪದರ ಕಾಣುವುದನ್ನು ದಿನವೂ ಈರುಳ್ಳಿ ಸುಲಿಯುವ ನಮಗೆ ಬೇರೆಯವರು ಹೇಳಿಕೊಡಬೇಕೇ?

ಅಷ್ಟರಲ್ಲಿ ನನ್ನ ಮಗಳು ಬಾಯಿಬಿಟ್ಟಳು. “ನಾನೂ ಮಾಡಿದ್ದೆ. ಗಣಿತದ ನೋಟ್‌ಬುಕ್ಕಿನ ಮೂಲೇಲಿ ಹಕ್ಕಿ. ಹಾಳೆ ಸರ್ರಂತ ಬಿಟ್ರೆ ಹಾರ್ತಿತ್ತು. ಅಮ್ಮ ರದ್ದಿಗೆ ಹಾಕಿದ್ರು.”

ಕೋಣೆ ಒಂದು ಗಳಿಗೆ ಸುಮ್ಮನಾಯಿತು. ಹೌದು, ಹಾಕಿದ್ದೆ. “ಪಾಠ ಬರೆಯೋ ಪುಸ್ತಕದಲ್ಲಿ ಗೀಚ್ತೀಯಾ?” ಎಂದು ಬೈದೂ ಇದ್ದೆ. ನನಗೆ ಉತ್ತರ ಹೊಳೆಯಲಿಲ್ಲ.

ಒಬ್ಬ ಹುಡುಗಿ ಸರಿದು ಕೂತು ಮಗಳಿಗೆ ಜಾಗ ಕೊಟ್ಟಳು. “ಹಾಗಾದ್ರೆ ಈ ಬಾಲ ನೀನೇ ಮಾಡು. ನಂದು ಪೊರಕೆ ಹಾಗೆ ಆಗ್ತದೆ.”

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಜಗಳ. ಬಬಿಯಾ ಸತ್ತದ್ದನ್ನು ತೋರಿಸಬೇಕೋ ಬೇಡವೋ? “ಆದದ್ದನ್ನು ಹೇಳ್ಬೇಕು,” ಎಂದು ಹುಡುಗರು. “ನಾನು ಬಿಡಿಸುದಿಲ್ಲ ಟೀಚರೇ,” ಎಂದು ಆ ಹುಡುಗಿ. ಕಥೆಗೆ ಅವಳ ಅಜ್ಜಿಯೇ ಧ್ವನಿ ಕೊಟ್ಟಿದ್ದರು. ಆ ದಿನದ ಮಾತು ಬಂದಾಗ ಅಜ್ಜಿಯ ದನಿ ನಡುಗಿದ್ದು ಮುದ್ರಣದಲ್ಲೂ ಕೇಳುತ್ತಿತ್ತು. ನಾದಿನಿ ತೀರ್ಪು ಕೊಡದೆ ಸುಮ್ಮನಿದ್ದಳು. ಕಡೆಗೆ ಅವರೇ ದಾರಿ ಕಂಡುಕೊಂಡರು: ಮೊಸಳೆ ನಿಧಾನವಾಗಿ ಮುಳುಗುತ್ತದೆ, ನೀರು ಸ್ತಬ್ಧವಾಗುತ್ತದೆ, ಅಜ್ಜಿಯ ಮಾತೂ ನಿಲ್ಲುತ್ತದೆ, ಆಮೇಲೆ ನೀರಿನ ಮೇಲೆ ಎರಡು ಪುಟ್ಟ ಕಣ್ಣು.

ಸಂಜೆ ಅದನ್ನು ಗೋಡೆಯ ಮೇಲೆ ತೋರಿಸಿದರು. ಬಾಲ ಆಡಿದಾಗ ಮಗಳು ನನ್ನತ್ತ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು.

ನಿಮ್ಮ ಊರಿನ ಶಾಲೆಯಲ್ಲಿ ಇಂಥ ಕೂಟ ಇಲ್ಲದಿರಬಹುದು. ಚಿಂತೆ ಬೇಡ, ಮನೆಯಲ್ಲೇ ಮಾಡಿಸಿ ನೋಡಿ. ಸ್ಟೀಲ್ ಡಬ್ಬಿಗೆ ಒರಗಿಸಿ ಫೋನು ಅಲುಗಾಡದಂತೆ ನಿಲ್ಲಿಸಿ. ಎದುರಿಗೆ ತಟ್ಟೆಯಲ್ಲಿ ಹತ್ತು ಅವರೆಕಾಳು ಸಾಲಾಗಿಟ್ಟು, ಒಂದಿಷ್ಟಿಷ್ಟೇ ಸರಿಸುತ್ತ ಪ್ರತಿ ಸಲ ಒಂದು ಫೋಟೋ ತೆಗೆಯಲಿ. 80 ಫೋಟೋ ಆದರೆ ಹತ್ತು ಸೆಕೆಂಡಿನ ಚಿತ್ರ. ಜೋಡಿಸಲು ‘ಸ್ಟಾಪ್ ಮೋಶನ್ ಸ್ಟುಡಿಯೋ’ ಎಂಬ ಆ್ಯಪ್ ಇದೆ. ಬೆಳಕು ಒಂದೇ ಕಡೆಯಿಂದ ಬರಲಿ; ಕಿಟಕಿಯ ಬಿಸಿಲು ಸರಿದರೆ ಚಿತ್ರ ಮಿಣುಕುತ್ತದೆ. ಕಥೆಯನ್ನು ಮಾತ್ರ ಮೊದಲೇ ಕಾಗದದ ಮೇಲೆ ಬರೆಸಿ.

ಮತ್ತೊಂದು ಮಾತು. ವರ್ಷದ ಕೊನೆಗೆ ರದ್ದಿಯವನು ಬಂದಾಗ ನೋಟ್‌ಬುಕ್ಕುಗಳನ್ನು ತೂಕಕ್ಕೆ ಹಾಕುವ ಮೊದಲು ಮೂಲೆಗಳನ್ನೊಮ್ಮೆ ಸರ್ರನೆ ಬಿಟ್ಟು ನೋಡಿ. ನಾನು ನೋಡಿರಲಿಲ್ಲ.