ಮೊದಲ ಮುದ್ರಣದ ಬೆನ್ನು ಹತ್ತಿ

ತೊಂಬತ್ತರ ದಶಕದಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಊರು ಸುತ್ತಿದರೂ ಒಂದು ಹೊಸ ಇಂಗ್ಲಿಷ್ ಕಾದಂಬರಿ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿ ಇದ್ದದ್ದು ಗೈಡು, ನೋಟ್‌ಬುಕ್ಕು, ಪಂಚಾಂಗ. ನಮ್ಮಂಥವರಿಗೆ ಹೈದರಾಬಾದೇ ಗತಿ. ವಾಡಿಯಲ್ಲಿ ಗಾಡಿ ಬದಲಿಸಿ ಹೋದರೆ, ಭಾನುವಾರ ಅಬಿಡ್ಸಿನ ಫುಟ್‌ಪಾತಿನಲ್ಲಿ ಹಳೆ ಪುಸ್ತಕಗಳ ಸಂತೆ.

ಅಲ್ಲಿ ದಪ್ಪ ನೋಡಿ ದರ. ಡಾಕ್ಟರಿ, ಇಂಜಿನಿಯರಿಂಗ್ ಪುಸ್ತಕಕ್ಕೆ ಜಗ್ಗಾಟ ನಡೆದಿರುತ್ತಿತ್ತು. ಐರ್ಲೆಂಡಿನ ಜಾನ್ ಮೆಕ್‌ಗಹರ್ನ್‌ನ ತೆಳು ಕಾದಂಬರಿ ಚಹಾ-ಭಜಿಯ ರೊಕ್ಕಕ್ಕೆ ಬರುತ್ತಿತ್ತು. ನಾನು ಕಥೆಗಿಂತ ಮೊದಲು ನೋಡುತ್ತಿದ್ದದ್ದು ಶೀರ್ಷಿಕೆ ಪುಟದ ಹಿಂಬದಿ. ಮೊದಲ ಮುದ್ರಣವೆಂದರೆ ಅಲ್ಲಿ ಮರುಮುದ್ರಣದ ಸಾಲು ಇರಬಾರದು. ಅಂಕಿಗಳ ಸಾಲಿದ್ದರೆ ಅದರಲ್ಲಿ 1 ಉಳಿದಿರಬೇಕು. ಗ್ರಂಥಾಲಯದ ಮೊಹರು ಬಿದ್ದಿರಬಾರದು, ಮೇಲುಹೊದಿಕೆ ಹರಿದಿರಬಾರದು. ಪೀಟರ್ ಕೇರಿಯ ‘ಆಸ್ಕರ್ ಆ್ಯಂಡ್ ಲುಸಿಂಡಾ’ 1988ರಲ್ಲಿ ಆಸ್ಟ್ರೇಲಿಯಾದಲ್ಲೂ ಲಂಡನ್ನಿನಲ್ಲೂ ಬಂತು, ಅದೇ ವರ್ಷ ಬುಕರ್ ಗೆದ್ದಿತು. ನನಗೆ ಬೇಕಿದ್ದದ್ದು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಮುದ್ರಿಸಿದ ಪ್ರತಿ. ಆಗ ಲೇಖಕನ ನಾಡಿನದೇ ಮೊದಲು ಎಂಬ ಹಟ. ಅಬಿಡ್ಸಿಗೆ ಬಂದದ್ದು ಮಾತ್ರ ಲಂಡನ್ನಿನ ಫೇಬರ್ ಪೇಪರ್‌ಬ್ಯಾಕು.

“ಓದಿದ ಪುಸ್ತಕಾನ ಮತ್ಯಾಕ ತರ್ತೀರಿ?” ಎಂದು ಸುರಪುರದ ಗೆಳೆಯರು ನಗುತ್ತಿದ್ದರು. ಅವರ ಊರಿನ ಗುಡ್ಡದ ಮೇಲೇ ಟೇಲರ್ ಮಂಜಿಲ್ ಇದೆ. 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಬರೆದು ಹೆಸರಾದ ಫಿಲಿಪ್ ಮೆಡೋಸ್ ಟೇಲರ್, ರಾಜ ವೆಂಕಟಪ್ಪ ನಾಯಕ ಇನ್ನೂ ಹುಡುಗನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವ. ಹತ್ತು ವರ್ಷಕ್ಕೂ ಹೆಚ್ಚು ಇಲ್ಲಿದ್ದ. ಅಂಥ ಊರಿನಲ್ಲಿ ಅವನದೊಂದು ಕಾದಂಬರಿ ಕೊಳ್ಳಲು ಸಿಗುತ್ತಿರಲಿಲ್ಲ. ಈಗ ಬೇಕಾದವರು ಫೋನಿನಲ್ಲೇ ಬಿಟ್ಟಿ ಓದಬಹುದು, ಓದುವವರು ಎಷ್ಟೋ ಆ ಮಾತು ಬೇರೆ.

ಫೋನು ಬಂದ ಮೇಲೆ ಫುಟ್‌ಪಾತಿನ ಲೆಕ್ಕವೂ ಬದಲಾಯಿತು. ನಾನು ಹಿಂಬದಿಯ ಪುಟ ತಿರುವಿದರೆ ಸಾಕು, ಮಾರುವ ಹುಡುಗ ತನ್ನ ಫೋನು ತೆಗೆಯುತ್ತಾನೆ. ಲಂಡನ್ನಿನ ಬೆಲೆ ನೋಡಿ ಹೇಳುತ್ತಾನೆ. ಅವನದು ತಪ್ಪಲ್ಲ. ಅವನ ಅಜ್ಞಾನದಿಂದಲೇ ನನ್ನ ಕಪಾಟು ತುಂಬಿದ್ದು. ಓದುವ ಪ್ರತಿಗಳಿಗೀಗ ಬರವಿಲ್ಲ, ಶಹಾಪುರಕ್ಕೂ ಕೊರಿಯರ್ ಬರುತ್ತದೆ. ಹುಡುಕಿ ಪಡೆಯುವ ಸುಖ ಮಾತ್ರ ಸಾಹುಕಾರರ ಪಾಲಾಯಿತು.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅನುವಾದದ ‘ಹಾರ್ಟ್ ಲ್ಯಾಂಪ್’ಗೆ, ಅಂತರರಾಷ್ಟ್ರೀಯ ಬುಕರ್ ಬಂತು. ಭಾರತದಲ್ಲಿ ಪೆಂಗ್ವಿನ್ ಪ್ರತಿ ಸಲೀಸಾಗಿ ಸಿಗುತ್ತದೆ. ನನಗೆ ಬೇಕಾದದ್ದು ಇಂಗ್ಲೆಂಡಿನ ಆ್ಯಂಡ್ ಅದರ್ ಸ್ಟೋರೀಸ್‌ನವರ ಮೊದಲ ಮುದ್ರಣ. ಹಾಸನದ ಕಥೆಗಾರ್ತಿಯ ಪುಸ್ತಕಕ್ಕೆ ಯಾದಗಿರಿಯಿಂದ ಇಂಗ್ಲೆಂಡಿಗೆ ಆರ್ಡರು ಹಾಕಿದ್ದೇನೆ. ಅಂಚೆ ಖರ್ಚು ಪುಸ್ತಕದ ಬೆಲೆಯನ್ನೂ ಮೀರಿದೆ.