ಹಳೆಯ ಅಂಗಿಯ ಬೆಲೆ

ಹಳೆಯ ಬಟ್ಟೆಗೆ ನಮ್ಮ ಮನೆಗಳಲ್ಲಿ ದೊರೆಯುವ ಮರ್ಯಾದೆ ಎಲ್ಲರಿಗೂ ತಿಳಿದದ್ದೇ. ಹೊಸದಾಗಿದ್ದಾಗ ಮದುವೆ ಮುಂಜಿಗಳಿಗೆ ಹೋಗಿಬಂದ ಅಂಗಿ ಕೆಲವು ಕಾಲದ ಮೇಲೆ ಪೇಟೆಗೆ ಮಾತ್ರ ಹೋಗುತ್ತದೆ. ಆಮೇಲೆ ಮನೆಯೊಳಗೇ ಉಳಿಯುತ್ತದೆ. ಕಡೆಗೊಂದು ದಿನ ಮಸಿಬಟ್ಟೆಯಾಗಿ ಒಲೆಯ ಪಕ್ಕ ಸೇರುತ್ತದೆ. ಅದಕ್ಕೆ ಮುಂಚೆಯೇ ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬೀದಿಯಲ್ಲಿ ಕೂಗಿದರೆ ಅದು ಅಂಗಿಯ ಪುಣ್ಯ. ಆಕೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಕಂಕುಳ ಹತ್ತಿರದ ಹರಕನ್ನು ಬೆರಳಿನಿಂದಲೇ ಹುಡುಕಿ, ಇಷ್ಟು ಬಟ್ಟೆಗೆ ಒಂದು ಲೋಟ ಎಂದು ತೀರ್ಪು ಕೊಡುತ್ತಾಳೆ. ಬಟ್ಟೆ ಹಳೆಯದಾದಷ್ಟೂ ಬೆಲೆ ಇಳಿಯುತ್ತದೆ ಎಂಬುದು ಆಕೆಯ ಶಾಸ್ತ್ರದ ಮೊದಲನೆಯ ಸೂತ್ರ.

ಈ ಸೂತ್ರವನ್ನು ತಲೆಕೆಳಗು ಮಾಡಿದ ಜನ ಅಮೆರಿಕದಲ್ಲಿದ್ದಾರೆ. ಅಲ್ಲಿನ ರಾಕ್ ಸಂಗೀತದ ತಂಡಗಳು ಊರಿಂದೂರಿಗೆ ಸಂಚಾರ ಹೊರಟಾಗ ತಮ್ಮ ಹೆಸರನ್ನೂ ಚಿತ್ರವನ್ನೂ ಅಚ್ಚೊತ್ತಿದ ಟೀ ಷರ್ಟುಗಳನ್ನು ಮಾರುವುದು ವಾಡಿಕೆ. ಗ್ರೇಟ್‌ಫುಲ್ ಡೆಡ್ ಎಂಬುದು ೧೯೬೫ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಒಂದು ತಂಡ. ಅದರ ೧೯೬೭ನೆಯ ಇಸವಿಯ ಹಳದಿ ಅಂಗಿಯೊಂದು ೨೦೨೧ರಲ್ಲಿ ಸದಬೀಸ್ ಹರಾಜಿನಲ್ಲಿ ೧೭,೬೪೦ ಡಾಲರಿಗೆ ಹೋಯಿತು. ಆಗಿನ ದರದಲ್ಲಿ ಸುಮಾರು ೧೩ ಲಕ್ಷ ರೂಪಾಯಿ! ನಮ್ಮ ಪಾತ್ರೆಯವಳು ಇದನ್ನು ಕೇಳಿದರೆ ಬುಟ್ಟಿ ಇಳಿಸಿ ಅಲ್ಲೇ ಕುಳಿತುಬಿಟ್ಟಾಳು.

ಈ ಸುದ್ದಿಯನ್ನು ನಮ್ಮ ಮನೆಗೆ ತಂದವನು ನಮ್ಮ ದೊಡ್ಡಪ್ಪನ ಮಗ. ಅಮ್ಮನ ಪೆಟ್ಟಿಗೆಯಲ್ಲಿ ಒಂದು ಕರಿಯ ಅಂಗಿ ಇದೆ. ಇಂಗ್ಲೆಂಡಿನ ಐರನ್ ಮೇಡನ್ ತಂಡ ೨೦೦೭ನೆಯ ಮಾರ್ಚ್ ೧೭ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ, ನನ್ನ ಸೋದರಮಾವ ಊರಿನಿಂದ ಬಸ್ಸು ಹಿಡಿದು ಹೋಗಿ ಕೇಳಿಬಂದು, ಜೊತೆಯಲ್ಲಿ ತಂದ ಅಂಗಿ ಅದು. ಮಾವ ಈಗ ಇಲ್ಲ. ಅಂಗಿಗೆ ಒಳ್ಳೆಯ ಬೆಲೆ ಬಂದರೆ ನನ್ನ ಹಾಸ್ಟೆಲಿನ ಬಾಕಿ ತೀರುತ್ತದೆ ಎಂಬುದು ಅಣ್ಣನ ವಾದ. ಅಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಬಾಕಿಯ ವಿಷಯ ಅವಳಿಗೂ ಗೊತ್ತಿತ್ತು. "ನೀನು ಚರಿತ್ರೆ ಓದೋನು, ನೋಡಿ ಹೇಳು" ಎಂದು ಅಂಗಿಯನ್ನು ನನ್ನ ಮುಂದಿಟ್ಟಳು.

ಚರಿತ್ರೆಯ ವಿದ್ಯಾರ್ಥಿಗೆ ಇದು ತೀರ ಹೊಸ ಕೆಲಸವೇನಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಸಾಹೇಬರು ಕೂಟಶಾಸನಗಳೆಂದು ತಳ್ಳಿಹಾಕಿದ್ದನ್ನೂ ರೈಸ್ ಸಾಹೇಬರು ಅದನ್ನು ಒಪ್ಪದೆ ಹೋದದ್ದನ್ನೂ ನಾವು ತರಗತಿಯಲ್ಲಿ ಕೇಳಿದ್ದೇವೆ. ಬರೆದಿರುವ ಶಕವರ್ಷವನ್ನು ಕಣ್ಣುಮುಚ್ಚಿ ನಂಬಬಾರದು; ಅಕ್ಷರದ ರೂಪ ಆ ಕಾಲದ್ದೇ ಹೌದೇ ಎಂದು ನೋಡಬೇಕು. ಅಂಗಿಗೂ ಇದೇ ನ್ಯಾಯ. ಎದೆಯ ಮೇಲೆ ಅಚ್ಚಾದ ಇಸವಿ ಚಿತ್ರದ ಇಸವಿಯೇ ಹೊರತು ಅಂಗಿಯದಲ್ಲ. ಅದೇ ಚಿತ್ರವನ್ನು ಇಪ್ಪತ್ತು ವರ್ಷದ ಮೇಲೂ ಅಚ್ಚು ಹಾಕಬಹುದು. ಆದ್ದರಿಂದ ಬಲ್ಲವರು ಮೊದಲು ಕತ್ತಿನ ಪಟ್ಟಿಯನ್ನು ಓದುತ್ತಾರೆ. ಅಮೆರಿಕದಲ್ಲಿ ನೂಲು ಎಂಥದೆಂದು ಪಟ್ಟಿಯಲ್ಲಿ ಹೇಳಬೇಕೆಂಬ ಕಾನೂನು ಜಾರಿಗೆ ಬಂದದ್ದು ೧೯೬೦ರಲ್ಲಿ. ಒಗೆಯುವ ಕ್ರಮವನ್ನೂ ತಿಳಿಸಬೇಕೆಂಬ ನಿಯಮ ೧೯೭೨ರಲ್ಲಿ. ಮಾತಿನ ಬದಲು ಬರಿಯ ಚಿಹ್ನೆ ಸಾಕೆಂದು ಒಪ್ಪಿದ್ದು ೧೯೯೭ರಲ್ಲಿ. ಹೀಗಿರುವಾಗ ಆ ದೇಶದ ಮಾರಾಟಕ್ಕೆಂದೇ ಮಾಡಿದ ಅಂಗಿಯ ಪಟ್ಟಿಯಲ್ಲಿ ಚಿಹ್ನೆಗಳಷ್ಟೇ ಇದ್ದು, ತಾನು ೧೯೭೫ರದೆಂದು ಹೇಳಿಕೊಂಡರೆ ಅನುಮಾನಿಸಲೇಬೇಕು. ಆಮೇಲೆ ಹೊಲಿಗೆ. ತೋಳಿನ ಅಂಚಿಗೆ ಒಂದೇ ಸಾಲಿನ ಹೊಲಿಗೆ ೧೯೯೦ರ ದಶಕದ ಮೊದಲ ವರ್ಷಗಳವರೆಗೆ ಸಾಮಾನ್ಯವಾಗಿತ್ತು. ಅನಂತರ ಜೋಡಿ ಸಾಲು ಹೆಚ್ಚಿತು. ಬೆನ್ನಿನ ಮೇಲೆ ಊರುಗಳ ಪಟ್ಟಿಯಿದ್ದರೆ ತಂಡದ ಸಂಚಾರದ ದಾಖಲೆಯೊಡನೆ ತಾಳೆ ನೋಡಬೇಕು.

ಬಣ್ಣ ಮಾಸಿ, ಅಚ್ಚು ಬಿರುಕುಬಿಟ್ಟ ಅಂಗಿಯನ್ನು ಬಯಸುವವರೂ ಇದ್ದಾರೆ. ಇದನ್ನರಿತ ಮೋಸಗಾರರು ಹೊಸ ಅಂಗಿಯನ್ನು ಉಜ್ಜುಕಾಗದದಿಂದ ತಿಕ್ಕಿ ಮುದುಕನನ್ನಾಗಿ ಮಾಡುತ್ತಾರೆ! ಇನ್ನೊಂದು ಸ್ವಾರಸ್ಯವನ್ನು ವಾಚಕ ಮಿತ್ರರು ಗಮನಿಸಬೇಕು. ಅಂದು ಕೊಂಡವರೆಲ್ಲ ತಮ್ಮ ಅಂಗಿಗಳನ್ನು ಜೋಪಾನ ಮಾಡಿದ್ದರೆ ಇಂದು ಯಾವುದಕ್ಕೂ ಇಷ್ಟು ಬೆಲೆ ಬರುತ್ತಿರಲಿಲ್ಲ. ಉಟ್ಟು ಹರಿದವರು ಹೆಚ್ಚಾದ್ದರಿಂದಲೇ ಉಳಿದ ಒಂದೆರಡಕ್ಕೆ ಯೋಗ.

ಮಾವನ ಅಂಗಿಯನ್ನು ಒಂದು ಸಂಜೆಯೆಲ್ಲ ನೋಡಿದೆ. ಕತ್ತಿನಲ್ಲಿ ಅಳತೆಯ ಒಂದು ಅಕ್ಷರ ಬಿಟ್ಟರೆ ಏನೂ ಇಲ್ಲ. ಬೆನ್ನು ಬರಿದು. ತಂಡದ ಹೆಸರಿನಲ್ಲಿಯೇ ಒಂದು ಅಕ್ಷರ ತಪ್ಪಿದೆ. ಮೈದಾನದ ಹೊರಗೆ, ರಸ್ತೆಯ ಬದಿಯಲ್ಲಿ ಹರವಿಕೊಂಡವನ ಸರಕು. ಟಿಕೆಟಿಗೇ ಕೂಡಿಟ್ಟದ್ದನ್ನೆಲ್ಲ ಕೊಟ್ಟ ಮಾವನ ಜೇಬಿನಲ್ಲಿ ಉಳಿದಿದ್ದುದು ಅಷ್ಟೇ ಇರಬೇಕು. ಮಾರುಕಟ್ಟೆಯಲ್ಲಿ ಇದಕ್ಕೆ ಬೆಲೆಯಿಲ್ಲ ಎಂದು ಅಣ್ಣನ ಎದುರಿಗೇ ಹೇಳಿದೆ. ಅವನ ಮುಖ ಸಣ್ಣದಾಯಿತು.

ಅಮ್ಮ ಮಾತ್ರ, "ಒಳ್ಳೇದಾಯ್ತು ಬಿಡು. ಇನ್ನು ಮಾರು ಅಂತ ಯಾರೂ ಕೇಳೋ ಹಾಗಿಲ್ಲ" ಎಂದಳು. ಮುಂದಿನ ವಾರ ಚೀಟಿಯನ್ನು ನಷ್ಟಕ್ಕೆ ಕೂಗಿ ಹಾಸ್ಟೆಲಿನ ಹಣ ತಂದುಕೊಟ್ಟಳು. ಅಂಗಿಯನ್ನು ಪೆಟ್ಟಿಗೆಗೆ ಇಡುವಾಗ, ಅಚ್ಚು ಇನ್ನಷ್ಟು ಉದುರದಿರಲೆಂದು, ಚಿತ್ರ ಒಳಮುಖವಾಗುವಂತೆ ಮಡಿಸಿಟ್ಟಳು.