ಬೀದಿ ಕಾಣದ ಕಿಟಕಿ

1880ರ ದಶಕದ ನಡುಭಾಗ. ಲಂಡನ್ನಿನ ಈಸ್ಟ್ ಎಂಡ್. ನವೆಂಬರ್ ತಿಂಗಳ ಸೋಮವಾರ, ಬೆಳಗಿನ ಒಂಬತ್ತಾಗುತ್ತಿದೆ. ಕಲ್ಲಿದ್ದಲ ಹೊಗೆ ಮಂಜಿನಲ್ಲಿ ಬೆರೆತು ಗಂಟಲು ಕೆರೆಯುತ್ತಿದೆ. ಒಂದಕ್ಕೊಂದು ಆತುಕೊಂಡ ಗಿಡ್ಡ ಮನೆಗಳ ಸಾಲು ಮುಗಿದದ್ದೇ ತಡ, ಮೂರು ಅಂತಸ್ತಿನ ಕಟ್ಟಡವೊಂದು ಧುತ್ತೆಂದು ಎದುರಾಗುತ್ತದೆ. ಹಳದಿ ಇಟ್ಟಿಗೆಯ ಗೋಡೆ, ಕಿಟಕಿಗಳ ಸುತ್ತ ಕೆಂಪು ಇಟ್ಟಿಗೆಯ ಅಂಚು, ನೆತ್ತಿಯ ಮೇಲೆ ಪುಟ್ಟ ಗಂಟೆಗೋಪುರ.

ತಲೆಯೆತ್ತಿ ಹುಡುಕಿ, ಚರ್ಚಿನಂಥ ಚೂಪು ಕಮಾನು ಒಂದೂ ಸಿಗದು. ಬೇಕೆಂದೇ ಬಿಟ್ಟದ್ದು. ಇದು 1870ರ ಶಿಕ್ಷಣ ಕಾಯ್ದೆಯಿಂದ ಹುಟ್ಟಿದ ಸ್ಕೂಲ್ ಬೋರ್ಡಿನ ಶಾಲೆ. ಇಲ್ಲಿ ಬೈಬಲ್ ಓದಿಸಬಹುದು, ಯಾವ ಪಂಗಡದ ಧರ್ಮಪ್ರಶ್ನೋತ್ತರಿಯನ್ನೂ ಕಲಿಸುವಂತಿಲ್ಲ. ಬೋರ್ಡಿನ ವಾಸ್ತುಶಿಲ್ಪಿ ಎಡ್ವರ್ಡ್ ರಾಬರ್ಟ್ ರಾಬ್ಸನ್‌ಗೆ ಚೂಪು ಕಮಾನಿನ ಗಾಥಿಕ್ ಶೈಲಿ ಎಂದರೆ ಚರ್ಚಿನ ಸೊತ್ತು. ಆತ ಹಿಡಿದದ್ದು ‘ಕ್ವೀನ್ ಆನ್’ ಶೈಲಿಯನ್ನು.

ಬಾಗಿಲುಗಳ ಮೇಲೆ ಕಲ್ಲಿನಲ್ಲಿ ಕೆತ್ತಿದ್ದಾರೆ: ಬಾಯ್ಸ್, ಗರ್ಲ್ಸ್, ಇನ್‌ಫೆಂಟ್ಸ್. ಕೈಹಿಡಿದು ಬಂದ ಅಣ್ಣ ತಂಗಿ ಇಲ್ಲಿ ಕೈ ಬಿಡಲೇಬೇಕು. ಎಳೆಯರು ನೆಲಮಹಡಿಗೆ, ಹುಡುಗಿಯರು ನಡುವಿನದಕ್ಕೆ, ಹುಡುಗರು ಮೇಲಕ್ಕೆ. ಮೆಟ್ಟಿಲುಗಳೂ ಬೇರೆ ಬೇರೆ. ನೀವು ಹುಡುಗರ ಹಿಂಡಿನಲ್ಲಿ ಸೇರಿಕೊಳ್ಳಿ. ಒದ್ದೆ ಉಣ್ಣೆಯ ವಾಸನೆ, ಬೂಟುಗಳ ಸದ್ದು. ಸೋಮವಾರವಲ್ಲವೇ, ಮೇಷ್ಟ್ರ ಮೇಜಿನ ಮೇಲೆ ವಾರದ ಫೀಸಿನ ಪೆನ್ನಿಗಳು ಟಣಟಣ ಬೀಳುತ್ತಿವೆ. ಇಂಗ್ಲೆಂಡಿನಾದ್ಯಂತ ಕಲಿಕೆ ಕಡ್ಡಾಯವಾದದ್ದು 1880ರಲ್ಲಿ. ಬಹುಪಾಲು ಶಾಲೆಗಳಲ್ಲಿ ಫೀಸು ತಪ್ಪಿದ್ದು 1891ರಲ್ಲಿ. ಬಡವರ ಪಾಲಿಗೆ ನಡುವಿನ ಆ ವರ್ಷಗಳು ಸಣ್ಣ ಶಿಕ್ಷೆಯೇನಲ್ಲ.

ಬೆಂಚಿನಲ್ಲಿ ಕುಳಿತು ಎಡಕ್ಕೆ ತಿರುಗಿ. ಅಬ್ಬಾ, ಎಂಥ ಕಿಟಕಿ! ಸೂರಿನವರೆಗೂ ಗಾಜೇ ಗಾಜು. ಬೆಳಕು ಎಡದಿಂದ ಬಂದರೆ ಬರೆಯುವ ಬಲಗೈಯ ನೆರಳು ಸ್ಲೇಟಿನ ಮೇಲೆ ಬೀಳುವುದಿಲ್ಲ. 1874ರ ತನ್ನ ಪುಸ್ತಕದಲ್ಲಿ ರಾಬ್ಸನ್ ಇದಕ್ಕಾಗಿ ಪಟ್ಟು ಹಿಡಿದಿದ್ದ. ಆದರೆ ಕಿಟಕಿಯ ಕೆಳ ಅಂಚು ನಿಮ್ಮ ತಲೆಗಿಂತ ಮೇಲಿದೆ. ಆಕಾಶ ಕಾಣುತ್ತದೆ, ಬೀದಿ ಕಾಣುವುದಿಲ್ಲ. ಗಾಡಿಯ ಗಡಗಡ ಕೇಳಿಸಿದರೂ ಕತ್ತು ಚಾಚಿ ಪ್ರಯೋಜನವಿಲ್ಲ. ಕತ್ತಲ ಗಲ್ಲಿಯ ಮಕ್ಕಳಿಗೆ ಇಷ್ಟು ಬೆಳಕು ಕೊಟ್ಟವರೇ ಅವರ ನೋಟವನ್ನು ಹೀಗೆ ಕಟ್ಟಿಹಾಕಿದರು. ಔದಾರ್ಯವೋ ಅನುಮಾನವೋ? ನನಗನಿಸುವಂತೆ ಎರಡೂ.

ಒಲೆಯ ಹತ್ತಿರದವರಿಗೆ ಸೆಕೆ, ಹಿಂದಿನ ಸಾಲಿಗೆ ನಡುಕ. ಹಾಜರಿ ನಡೆದಿದೆ. ಬಾರದವರ ಮನೆಗೆ ಬೋರ್ಡಿನ ‘ವಿಸಿಟರ್’ ಹೋಗಿ ಬಾಗಿಲು ಬಡಿಯುತ್ತಾನೆ. ಮನೆಮನೆಯ ಕಷ್ಟ ಬಲ್ಲ ಇಂಥವರನ್ನು ಕೇಳಿಯೇ ಮುಂದೆ ಸಮಾಜ ಸಂಶೋಧಕ ಚಾರ್ಲ್ಸ್ ಬೂತ್ ಲಂಡನ್ನಿನ ಬಡತನದ ನಕ್ಷೆ ಬರೆಸಿದ.

1904ರಲ್ಲಿ ಬೋರ್ಡು ಮುಚ್ಚಿತು, ಶಾಲೆಗಳು ಕೌಂಟಿ ಕೌನ್ಸಿಲಿಗೆ ಹೋದವು. ಎಷ್ಟೋ ಕಟ್ಟಡಗಳಲ್ಲಿ ಇಂದಿಗೂ ಪಾಠ ನಡೆಯುತ್ತಿದೆ. ಕೆಲವು ದುಬಾರಿ ಫ್ಲ್ಯಾಟುಗಳಾಗಿವೆ. ಎತ್ತರದ ಕೋಣೆಗಳ ನಡುವೆ ಅಟ್ಟ ಹಾಕಿಸಿ ಮಂಚ ಇಟ್ಟುಕೊಂಡಿದ್ದಾರೆ, ಮಾರುವವರು ಆ ಕಿಟಕಿಗಳನ್ನೇ ಹೊಗಳಿ ಬೆಲೆ ಹೇಳುತ್ತಾರೆ.